ಮೂವತ್ತು ಗ್ರಾಂ ಎಲ್ಲಿ ಕೂತಿದೆ?

ನೀಲಗಿರಿಯ ವೆಲ್ಲಿಂಗ್ಟನ್ ಸುತ್ತಮುತ್ತ ತಿರುಗುವ ಯಂತ್ರಗಳಿಗೆ ಬರವಿಲ್ಲ. ಊರಿನ ಮಗ್ಗುಲಲ್ಲೇ ಅರುವಂಕಾಡಿನ ಕಾರ್ಡೈಟ್ ಕಾರ್ಖಾನೆ ಇದೆ. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಶುರುವಾದ ಈ ಕಾರ್ಖಾನೆಗೆ ಆಗ ಕರೆಂಟು ಸಿಕ್ಕಿದ್ದು ಹತ್ತಿರದ ಕಾಟೇರಿ ಜಲಪಾತದ ನೀರಿನಿಂದ. 1932ರಲ್ಲಿ ಪೈಕಾರಾ ವಿದ್ಯುದಾಗಾರ ಬಂತು. ಆಮೇಲೆ ಮೋಯಾರ್, ಕುಂದಾ. 2005ರಲ್ಲಿ ಮಸಿನಗುಡಿ ಕಡೆ ಬೆಟ್ಟದ ಹೊಟ್ಟೆಯೊಳಗೆ 150 ಮೆಗಾವಾಟ್‌ನ ಪೈಕಾರಾ ಅಂತಿಮ ಹಂತ. ಇವು ದೊಡ್ಡ ಯಂತ್ರಗಳು. ಸಣ್ಣವು ಕೂನೂರು, ಕೋಟಗಿರಿ, ಮಂಜೂರಿನ ಚಹಾ ಕಾರ್ಖಾನೆಗಳಲ್ಲಿವೆ. ಬಡಗರ ಹಟ್ಟಿಗಳಿಂದ ಲಾರಿಯಲ್ಲಿ ಬಂದಿಳಿಯುವ ಹಸಿ ಎಲೆಯನ್ನು ಬಾಡಿಸುವ ಫ್ಯಾನು, ಅರೆಯುವ ಸಿಟಿಸಿ ರೋಲರು, ಒಣಗಿಸುವ ಡ್ರೈಯರಿನ ಬ್ಲೋಯರು, ಎಲ್ಲವೂ ಗಂಟೆಗಟ್ಟಲೆ ತಿರುಗುತ್ತಲೇ ಇರಬೇಕು.

ದೊಡ್ಡದಿರಲಿ ಸಣ್ಣದಿರಲಿ, ಇವಕ್ಕೆಲ್ಲ ತಪ್ಪದೆ ಬರುವ ಒಂದು ಕಾಯಿಲೆ ಅಸಮತೋಲನ. ಕಾರ್ಖಾನೆಯ ಮಾತಿನಲ್ಲಿ ಹೇಳುವುದಾದರೆ ‘ಬ್ಯಾಲೆನ್ಸ್ ಔಟ್’.

ಕಾರಣಗಳು ಊರಿಗೆ ತಕ್ಕಂತೆ ಇರುತ್ತವೆ. ಪೈಕಾರಾದಂಥ ಕಡೆ ನೀರು 900 ಮೀಟರಿಗೂ ಹೆಚ್ಚು ಎತ್ತರದಿಂದ ಕೊಳವೆಯಲ್ಲಿ ಇಳಿದು ಪೆಲ್ಟನ್ ಚಕ್ರದ ಬಟ್ಟಲುಗಳಿಗೆ ಬಡಿಯುತ್ತದೆ. ಆ ಎತ್ತರಕ್ಕೆ ಲೆಕ್ಕ ಹಾಕಿದರೆ ನೀರಿನ ಚಿಲುಮೆಯ ವೇಗ ಸೆಕೆಂಡಿಗೆ 130 ಮೀಟರ್ ದಾಟುತ್ತದೆ. ಅಷ್ಟು ರಭಸದಲ್ಲಿ ನೀರಿನ ಜೊತೆ ಬರುವ ಮರಳಿನ ಕಣ ಉಕ್ಕನ್ನೂ ಸವೆಸುತ್ತದೆ. ಎಲ್ಲ ಬಟ್ಟಲುಗಳೂ ಒಂದೇ ಸಮ ಸವೆಯುವುದಿಲ್ಲ ಅನ್ನುವುದೇ ತೊಂದರೆ. ಚಹಾ ಕಾರ್ಖಾನೆಯಲ್ಲಿ ಸವೆತಕ್ಕಿಂತ ಅಂಟು ಹೆಚ್ಚು. ಎಲೆಯ ನಾರು, ಧೂಳು, ತೇವ ಸೇರಿ ಫ್ಯಾನಿನ ಅಲಗಿನ ಮೇಲೆ ಪದರಗಟ್ಟುತ್ತದೆ. ಒಂದು ಅಲಗಿನ ಪದರ ಕಳಚಿ ಬಿದ್ದು ಉಳಿದವುಗಳದ್ದು ಹಾಗೇ ಇದ್ದರೆ ನಿನ್ನೆಯವರೆಗೆ ಸರಿಯಿದ್ದ ಫ್ಯಾನು ಇವತ್ತು ನಡುಗತೊಡಗುತ್ತದೆ.

ತಿರುಗುವ ಭಾಗದ ತೂಕದ ನಡುಬಿಂದು ಅದು ತಿರುಗುವ ಅಕ್ಷದ ಮೇಲೇ ಇರಬೇಕು. ಕೂದಲೆಳೆಯಷ್ಟು ಆಚೆ ಸರಿದರೂ ಹೊರಕ್ಕೆಳೆಯುವ ಬಲವೊಂದು ಹುಟ್ಟಿ ಶಾಫ್ಟಿನ ಜೊತೆಗೇ ಸುತ್ತುತ್ತದೆ. ಈ ಬಲದ ಲೆಕ್ಕ ಸುಲಭ: ಹೆಚ್ಚುವರಿ ತೂಕ, ಅದು ಅಕ್ಷದಿಂದ ಇರುವ ದೂರ, ತಿರುಗುವ ವೇಗದ ವರ್ಗ, ಈ ಮೂರರ ಗುಣಲಬ್ಧ. ನಿಮಿಷಕ್ಕೆ 960 ಸುತ್ತು ತಿರುಗುವ ಫ್ಯಾನಿನ ಅಲಗಿಗೆ, ಅಕ್ಷದಿಂದ ಅರ್ಧ ಮೀಟರ್ ದೂರದಲ್ಲಿ, 30 ಗ್ರಾಂ ಕೊಳೆ ಅಂಟಿದೆ ಎಂದಿಟ್ಟುಕೊಳ್ಳಿ. ಬೇರಿಂಗಿನ ಮೇಲೆ ಅದು ಹಾಕುವ ಜಗ್ಗು ಸುಮಾರು 15 ಕಿಲೋ ತೂಕಕ್ಕೆ ಸಮ, ಅದೂ ಸೆಕೆಂಡಿಗೆ 16 ಸಲ ದಿಕ್ಕು ತಿರುಗಿಸುತ್ತ. ವೇಗ ಎರಡರಷ್ಟಾದರೆ ಜಗ್ಗು ನಾಲ್ಕರಷ್ಟು. ನಿಧಾನವಾಗಿ ತಿರುಗುವಾಗ ಸುಮ್ಮನಿದ್ದ ಯಂತ್ರ ಪೂರ್ತಿ ವೇಗಕ್ಕೆ ಬಂದಾಗ ರಂಪ ಮಾಡುವುದು ಇದಕ್ಕೇ.

ಅಲುಗಾಟ ಇದೆ ಎಂದು ಗೊತ್ತುಮಾಡಿಕೊಳ್ಳಲು ಗಣಿತ ಬೇಡ. ಬೇರಿಂಗ್ ಮನೆಯ ಮೇಲೆ ಅಂಗೈ ಇಟ್ಟು ಹೇಳುವ ಹಳೆಯ ಫಿಟ್ಟರುಗಳು ಎಲ್ಲ ಕಾರ್ಖಾನೆಗಳಲ್ಲೂ ಇದ್ದಾರೆ. ಆದರೆ ಕೈಗೆ ಗೊತ್ತಾಗುವುದು ಎಷ್ಟು ಅಲುಗುತ್ತಿದೆ ಎಂಬುದಷ್ಟೇ. ಭಾರ ಯಾವ ಕಡೆ ಹೆಚ್ಚಾಗಿದೆ, ಎಷ್ಟು ಹೆಚ್ಚಾಗಿದೆ ಎಂಬುದು ಕೈಗೆ ತಿಳಿಯುವುದಿಲ್ಲ. ರಿಪೇರಿಗೆ ಬೇಕಾಗುವುದು ಅದೇ. ಅದರಲ್ಲೂ ‘ಎಷ್ಟು’ ಎಂಬುದಕ್ಕಿಂತ ‘ಎಲ್ಲಿ’ ಎಂಬುದನ್ನು ಹಿಡಿಯುವುದು ಕಷ್ಟ.

ಎಲ್ಲಕ್ಕಿಂತ ಹಳೆಯ ಉಪಾಯದಲ್ಲಿ ಯಂತ್ರವನ್ನು ತಿರುಗಿಸುವುದೇ ಇಲ್ಲ. ರೋಟರನ್ನು, ಅಂದರೆ ತಿರುಗುವ ಭಾಗವನ್ನು ಬಿಚ್ಚಿ, ಶಾಫ್ಟಿನ ಎರಡು ತುದಿಗಳನ್ನು ಮಟ್ಟಸವಾದ ಎರಡು ಉಕ್ಕಿನ ಅಂಚುಗಳ ಮೇಲಿಟ್ಟು ಬಿಟ್ಟರೆ ಅದು ತಾನಾಗಿ ಉರುಳಿ, ಭಾರದ ಕಡೆ ಕೆಳಗಾಗಿ ನಿಲ್ಲುತ್ತದೆ. ಎದುರಿಗೆ ತೂಕ ಸೇರಿಸಿ, ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲುವವರೆಗೆ ಸರಿಪಡಿಸಿದರೆ ಆಯಿತು. ಅಗಲ ಕಡಿಮೆಯಿರುವ ಫ್ಯಾನು, ಪುಲ್ಲಿಗಳಿಗೆ ಇಷ್ಟು ಸಾಕಾಗಬಹುದು. ಉದ್ದನೆಯ ಸಿಟಿಸಿ ರೋಲರಿಗೆ ಸಾಲದು. ಜೋಡಿಯಲ್ಲಿ ಒಂದು ರೋಲರು ನಿಮಿಷಕ್ಕೆ 70 ಸುತ್ತಿನ ಆಸುಪಾಸು ತಿರುಗಿದರೆ ಇನ್ನೊಂದು ಅದರ ಹತ್ತರಷ್ಟು ವೇಗದಲ್ಲಿ ತಿರುಗುತ್ತದೆ. ಆ ವೇಗದ ರೋಲರಿನ ಎಡತುದಿಯಲ್ಲಿ ಮೇಲ್ಗಡೆ 20 ಗ್ರಾಂ, ಬಲತುದಿಯಲ್ಲಿ ಕೆಳಗಡೆ 20 ಗ್ರಾಂ ಹೆಚ್ಚಿದ್ದರೆ ಅಂಚುಗಳ ಮೇಲಿಟ್ಟಾಗ ಒಂದನ್ನೊಂದು ಸರಿದೂಗಿಸಿ ರೋಲರು ಮಿಸುಕುವುದಿಲ್ಲ. ತಿರುಗಿಸಿದ ಕೂಡಲೇ ಎಡತುದಿ ಒಂದು ಕಡೆಗೆ, ಬಲತುದಿ ಇನ್ನೊಂದು ಕಡೆಗೆ ಒದೆಯುತ್ತದೆ. ಕಾರಿನ ಟೈರಿನ ಅಂಗಡಿಯಲ್ಲಿ ರಿಮ್ಮಿನ ಒಳ ಅಂಚಿಗೂ ಹೊರ ಅಂಚಿಗೂ ಬೇರೆ ಬೇರೆ ತೂಕ ಹಚ್ಚುವುದು ಇದೇ ಕಾರಣಕ್ಕೆ.

ಆದ್ದರಿಂದ ತಿರುಗುತ್ತಿರುವಾಗಲೇ ಪರೀಕ್ಷಿಸಬೇಕು. ಅದಕ್ಕೆ ಹಿಂದಿನವರು ಹಿಡಿದದ್ದು ಸೀಮೆಸುಣ್ಣ. ತಿರುಗುವ ಶಾಫ್ಟಿನ ಹತ್ತಿರಕ್ಕೆ ಸೀಮೆಸುಣ್ಣದ ಕಡ್ಡಿಯನ್ನು ಮೆಲ್ಲಗೆ ತಂದರೆ, ಶಾಫ್ಟಿನ ಯಾವ ಮಗ್ಗುಲು ಹೆಚ್ಚು ಹೊರಕ್ಕೆ ಬರುತ್ತದೋ ಅಲ್ಲಿ ಮಾತ್ರ ಗೆರೆ ಬೀಳುತ್ತದೆ. ಯಂತ್ರ ನಿಲ್ಲಿಸಿ, ಗೆರೆಯ ಎದುರು ಮಗ್ಗುಲಿಗೆ ತೂಕ ಸೇರಿಸಬೇಕು. ಕೆಲವು ಯಂತ್ರಗಳಲ್ಲಿ ಇದು ಫಲ ಕೊಡುತ್ತಿತ್ತು. ಇನ್ನು ಕೆಲವದರಲ್ಲಿ ತೂಕ ಸೇರಿಸಿದ ಮೇಲೆ ಅಲುಗಾಟ ಇಮ್ಮಡಿಯಾಗುತ್ತಿತ್ತು.

ಈ ಒಗಟು ಬಿಡಿಸಲು ಕಾಲ ಹಿಡಿಯಿತು. ಯಾವುದೇ ಶಾಫ್ಟಿಗೆ ಒಂದು ನಿರ್ದಿಷ್ಟ ವೇಗದಲ್ಲಿ ಅಲುಗಾಟ ಮಿತಿಮೀರುತ್ತದೆ; ಅದು ಅದರ ಕ್ರಿಟಿಕಲ್ ವೇಗ. ಆ ವೇಗ ದಾಟಿ ಯಾವ ಶಾಫ್ಟನ್ನೂ ಓಡಿಸಲಾಗದು ಎಂಬ ತೀರ್ಮಾನಕ್ಕೆ 1869ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ರ‍್ಯಾಂಕಿನ್ ಬಂದಿದ್ದರು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಸ್ವೀಡನ್ನಿನ ಗುಸ್ತಾಫ್ ಡಿ ಲಾವಾಲ್ ತೆಳುವಾದ, ಬಾಗುವ ಶಾಫ್ಟಿನ ಉಗಿ ಟರ್ಬೈನನ್ನು ಆ ವೇಗದಾಚೆಗೆ ಓಡಿಸಿಯೇಬಿಟ್ಟರು. ಅದು ಹೇಗೆ ಸಾಧ್ಯ ಎಂಬ ಲೆಕ್ಕವನ್ನು 1919ರಲ್ಲಿ ಹೆನ್ರಿ ಜೆಫ್ಕಾಟ್ ಸ್ಪಷ್ಟವಾಗಿ ಬರೆದಿಟ್ಟರು. ಕ್ರಿಟಿಕಲ್ ವೇಗಕ್ಕಿಂತ ಬಹಳ ಕೆಳಗೆ ಓಡುವಾಗ ಭಾರದ ಮಗ್ಗುಲೇ ಹೊರಕ್ಕೆ ಬರುತ್ತದೆ. ಕ್ರಿಟಿಕಲ್ ವೇಗದಲ್ಲಿ ಭಾರದ ಮಗ್ಗುಲಿಗೂ ಹೊರಕ್ಕೆ ಬರುವ ಮಗ್ಗುಲಿಗೂ ನಡುವೆ 90 ಡಿಗ್ರಿ ಅಂತರ ಬೀಳುತ್ತದೆ. ಅದನ್ನೂ ದಾಟಿ ಬಹಳ ಮೇಲೆ ಹೋದರೆ ಅಂತರ 180 ಡಿಗ್ರಿಗೆ ಹತ್ತಿರವಾಗಿ, ಭಾರದ ಮಗ್ಗುಲು ಒಳಗೆ, ಹಗುರದ ಮಗ್ಗುಲು ಹೊರಗೆ. ಸೀಮೆಸುಣ್ಣ ಸುಳ್ಳು ಹೇಳಿರಲಿಲ್ಲ. ಅದು ತೋರಿಸಿದ್ದು ಹೊರಕ್ಕೆ ಬಂದ ಮಗ್ಗುಲನ್ನು. ಅದೇ ಭಾರದ ಮಗ್ಗುಲು ಎಂದುಕೊಂಡದ್ದು ನೋಡುವವರು. ಈ ಶಾಸ್ತ್ರವನ್ನು ಭಾರತದ ಎಂಜಿನಿಯರಿಂಗ್ ತರಗತಿಗಳಿಗೆ ತಂದವರಲ್ಲಿ ಐಐಟಿಯಲ್ಲಿ ಪಾಠ ಹೇಳಿದ ಜೆ.ಎಸ್. ರಾವ್ ಪ್ರಮುಖರು, ಅವರ ‘ರೋಟರ್ ಡೈನಾಮಿಕ್ಸ್’ ಪುಸ್ತಕ ಬಂದದ್ದು 1983ರಲ್ಲಿ.

ಹಾಗಾದರೆ ಯಂತ್ರದ ಕ್ರಿಟಿಕಲ್ ವೇಗ ಎಷ್ಟು, ಅದರ ಅಡಿಪಾಯ ಎಷ್ಟು ಗಟ್ಟಿ, ಬೇರಿಂಗ್ ಎಷ್ಟು ಬಿಗಿ ಎಂಬುದೆಲ್ಲ ತಿಳಿದರೆ ಮಾತ್ರ ಭಾರದ ಜಾಗ ಸಿಗುತ್ತದೆಯೇ? ಅದ್ಯಾವುದೂ ಗೊತ್ತಿಲ್ಲದೆಯೂ ಸಿಗುತ್ತದೆ. ಗೊತ್ತಿರುವ ತೂಕವೊಂದನ್ನು ಗೊತ್ತಿರುವ ಜಾಗದಲ್ಲಿ ಕಟ್ಟಿ, ಅಲುಗಾಟ ಹೇಗೆ ಬದಲಾಯಿತು ಎಂದು ನೋಡಿದರೆ ಸಾಕು. ಇದು ಟ್ರಯಲ್ ವೇಟ್. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಇ.ಎಲ್. ಥಿಯರ್ಲ್ 1934ರಲ್ಲಿ ಇದನ್ನು ಎರಡು ತುದಿಗಳ ರೋಟರಿಗೆ ಅನ್ವಯಿಸಿ, ಯಂತ್ರವನ್ನು ಇದ್ದ ಜಾಗದಿಂದ ಕದಲಿಸದೆ ಬ್ಯಾಲೆನ್ಸ್ ಮಾಡುವ ಕ್ರಮವನ್ನು ಪ್ರಕಟಿಸಿದರು. ಇಂದಿನ ದುಬಾರಿ ಉಪಕರಣಗಳ ಒಳಗೂ ನಡೆಯುವ ಲೆಕ್ಕ ಬಹುಪಾಲು ಅದೇ.

ಇದರ ಅತಿ ಸರಳ ರೂಪಕ್ಕೆ ಕಂಪನದ ವೇಗ ತೋರಿಸುವ ಸಾದಾ ಮೀಟರು, ಕೈವಾರ, ಕೋನಮಾಪಕ ಮತ್ತು ಒಂದು ಹಾಳೆ ಇದ್ದರೆ ಆಗುತ್ತದೆ. ಆರು ಅಲಗಿನ, ಎಲೆ ಬಾಡಿಸುವ ಫ್ಯಾನನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಅಲಗುಗಳ ನಡುವೆ 60 ಡಿಗ್ರಿ ಅಂತರ. ಮೊದಲು ಅಲಗುಗಳನ್ನು ಚೆನ್ನಾಗಿ ಉಜ್ಜಿ ತೊಳೆಯಬೇಕು. ಎಷ್ಟೋ ಸಲ ಕಾಯಿಲೆ ಅಲ್ಲಿಗೇ ವಾಸಿಯಾಗುತ್ತದೆ. ಆಗಲಿಲ್ಲ, ಮೀಟರು ಸೆಕೆಂಡಿಗೆ 6 ಮಿ.ಮೀ. ತೋರಿಸುತ್ತಿದೆ ಎನ್ನೋಣ. ಈಗ 20 ಗ್ರಾಂ ತೂಕವನ್ನು 1ನೇ ಅಲಗಿಗೆ ಭದ್ರವಾಗಿ ಕಟ್ಟಿ ಓಡಿಸಿದರೆ 6.6. ಅದೇ ತೂಕವನ್ನು ಅದೇ ದೂರದಲ್ಲಿ 3ನೇ ಅಲಗಿಗೆ ಬದಲಾಯಿಸಿದರೆ 9.9. 5ನೇ ಅಲಗಿಗೆ ಕಟ್ಟಿದಾಗ 3.9. ಐದನೆಯದರಲ್ಲಿ ಕಮ್ಮಿಯಾಯಿತಲ್ಲ, ಅಲ್ಲೇ ಬಿಡೋಣ ಎಂದು ಅನಿಸುವುದು ಸಹಜ. ಹಾಳೆ ಬೇರೆ ಉತ್ತರ ಕೊಡುತ್ತದೆ.

1 ಮಿ.ಮೀ.ಗೆ 1 ಸೆಂ.ಮೀ. ಎಂದು ಇಟ್ಟುಕೊಂಡು, 6 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಅದರ ಮೇಲೆ 0, 120, 240 ಡಿಗ್ರಿಗಳಲ್ಲಿ ಮೂರು ಚುಕ್ಕಿ. ಇವು 1, 3, 5ನೇ ಅಲಗುಗಳು. ಮೊದಲ ಚುಕ್ಕಿಯಲ್ಲಿ ಕೈವಾರ ಊರಿ 6.6 ಸೆಂ.ಮೀ. ಕಂಸ, ಎರಡನೆಯದರಿಂದ 9.9, ಮೂರನೆಯದರಿಂದ 3.9. ಮೂರೂ ಕಂಸಗಳು ಹೆಚ್ಚುಕಡಿಮೆ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ವೃತ್ತದ ನಡುವಿನಿಂದ ಆ ಬಿಂದುವಿಗೆ ಗೆರೆ ಎಳೆದು ಅಳೆದರೆ ಉದ್ದ ಸುಮಾರು 4 ಸೆಂ.ಮೀ., ದಿಕ್ಕು 280 ಡಿಗ್ರಿ. ಅಂದರೆ 20 ಗ್ರಾಂ ತೂಕಕ್ಕೆ ಈ ಫ್ಯಾನನ್ನು 4 ಮಿ.ಮೀ.ಯಷ್ಟು ಅಲುಗಿಸುವ ಶಕ್ತಿಯಿದೆ, 6 ಮಿ.ಮೀ.ಯನ್ನು ಅಳಿಸಲು 30 ಗ್ರಾಂ ಬೇಕು, ಅದನ್ನು 280 ಡಿಗ್ರಿಯಲ್ಲಿ ಕೂರಿಸಬೇಕು.

ಆ ಕೋನದಲ್ಲಿ ಅಲಗೇ ಇಲ್ಲ. 5ನೆಯದು 240ರಲ್ಲಿದೆ, 6ನೆಯದು 300ರಲ್ಲಿ. ತೂಕವನ್ನು ಎರಡಕ್ಕೂ ಹಂಚಬೇಕು. ಹಂಚುವುದು ತ್ರಿಕೋನಮಿತಿಯ ಕೆಲಸ. ಲೆಕ್ಕ ಮಾಡಿದರೆ 5ನೇ ಅಲಗಿಗೆ 12 ಗ್ರಾಂ, 6ನೇ ಅಲಗಿಗೆ 22 ಗ್ರಾಂ ಬರುತ್ತದೆ. ಕೂಡಿಸಿದರೆ 34. ಬೇಕಾದದ್ದು 30 ತಾನೇ ಎಂದು ಅಂಗಡಿಯ ತಕ್ಕಡಿ ಕೇಳೀತು. ಎರಡು ತೂಕಗಳು ಬೇರೆ ಬೇರೆ ದಿಕ್ಕಿಗೆ ಎಳೆಯುವುದರಿಂದ ಸ್ವಲ್ಪ ಭಾಗ ಒಂದನ್ನೊಂದು ಕೊಂದುಕೊಳ್ಳುತ್ತದೆ, ಉಳಿಯುವುದು 30.

ರೋಲರಿನಂಥ ಉದ್ದನೆಯ ಭಾಗಕ್ಕೆ ಈ ಲೆಕ್ಕ ಕವಲೊಡೆಯುತ್ತದೆ. ಎಡತುದಿಗೆ ಕಟ್ಟಿದ ತೂಕ ಎಡ ಬೇರಿಂಗನ್ನಷ್ಟೇ ಅಲ್ಲ, ಬಲದ್ದನ್ನೂ ಅಲುಗಿಸುತ್ತದೆ. ಹಾಗಾಗಿ ಯಾವ ತುದಿಯ ತೂಕ ಯಾವ ಬೇರಿಂಗಿನ ಮೇಲೆ ಎಷ್ಟು ಪ್ರಭಾವ ಬೀರುತ್ತದೆ ಎಂಬ ನಾಲ್ಕು ಗುಣಾಂಕಗಳು ಬೇಕು. ಪ್ರತಿಯೊಂದಕ್ಕೂ ಪ್ರಮಾಣವೂ ಉಂಟು, ಕೋನವೂ ಉಂಟು. ಕೋನ ಅಳೆಯಲು ಶಾಫ್ಟಿನ ಮೇಲೆ ಹೊಳೆಯುವ ಟೇಪಿನ ತುಂಡು ಅಂಟಿಸಿ ಅದಕ್ಕೆ ಬೆಳಕು ಬಿಡುತ್ತಾರೆ. ಸುತ್ತಿಗೊಮ್ಮೆ ಬರುವ ಆ ಮಿಂಚಿಗೂ ಅಲುಗಾಟದ ತುತ್ತತುದಿಗೂ ನಡುವಿನ ಅಂತರವೇ ಕೋನ. ಪಿಯುಸಿಯಲ್ಲಿ ಕಲಿಯುವ ಸಮ್ಮಿಶ್ರ ಸಂಖ್ಯೆ, ಎರಡು ಸಾಲು ಎರಡು ಕಂಬಸಾಲಿನ ಮಾತೃಕೆ, ಇಲ್ಲಿ ಬೇಕಾದದ್ದು ಇಷ್ಟೇ.

ಎಷ್ಟರಮಟ್ಟಿಗೆ ಸರಿಪಡಿಸಿದರೆ ಸಾಕು? ಪೂರ್ತಿ ಸೊನ್ನೆ ಮಾಡಲು ಯಾರಿಂದಲೂ ಆಗದು. ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಯಂತ್ರಗಳನ್ನು ‘ಜಿ’ ಎಂಬ ದರ್ಜೆಗಳಲ್ಲಿ ವಿಂಗಡಿಸಿದೆ. ಫ್ಯಾನು, ಪಂಪು, ಜಲ ಟರ್ಬೈನುಗಳಿಗೆ ಜಿ 6.3, ಉಗಿ ಟರ್ಬೈನಿಗೆ ಜಿ 2.5. ನಮ್ಮ ಫ್ಯಾನಿನ ತಿರುಗುವ ಭಾಗ 25 ಕಿಲೋ ಇದ್ದರೆ, ಅರ್ಧ ಮೀಟರ್ ದೂರದಲ್ಲಿ 3 ಗ್ರಾಂವರೆಗಿನ ವ್ಯತ್ಯಾಸ ನಡೆಯುತ್ತದೆ. ನಿಮಿಷಕ್ಕೆ 3000 ಸುತ್ತಿನ ಉಗಿ ಟರ್ಬೈನಿನಲ್ಲಾದರೆ ತೂಕದ ನಡುಬಿಂದು ಅಕ್ಷದಿಂದ ಸರಿಯಬಹುದಾದದ್ದು ಮಿಲಿಮೀಟರಿನ ಸಾವಿರದಲ್ಲಿ ಎಂಟು ಭಾಗ ಮಾತ್ರ.

ಇಷ್ಟೆಲ್ಲ ಲೆಕ್ಕ ಹಾಕುವ ಮುಂಚೆ ತೀರ್ಮಾನವಾಗಬೇಕಾದ ಪ್ರಶ್ನೆಯೊಂದಿದೆ: ಅಲುಗಾಟಕ್ಕೆ ಕಾರಣ ಅಸಮತೋಲನವೇ ಹೌದೇ? ನಡುಗುವ ಯಂತ್ರಕ್ಕೆಲ್ಲ ತೂಕ ಕಟ್ಟುತ್ತ ಹೋದರೆ ಕಾಸೂ ಹಾಳು, ಕಾಲವೂ ಹಾಳು. ಇಲ್ಲಿ ನೆರವಿಗೆ ಬರುವವರು 1822ರಲ್ಲಿ ಶಾಖದ ಬಗ್ಗೆ ಗ್ರಂಥ ಬರೆದ ಜೋಸೆಫ್ ಫೋರಿಯೇ. ಎಂಥ ಗೋಜಲಿನ ಅಲೆಯನ್ನೂ ಸರಳ ಅಲೆಗಳ ಮೊತ್ತವಾಗಿ ಬಿಡಿಸಬಹುದು ಎಂಬುದು ಅವರ ದಾರಿ. ಕೈಯಲ್ಲಿ ಮಾಡಿದರೆ ದಿನಗಟ್ಟಲೆ ಹಿಡಿಯುವ ಈ ಕೆಲಸವನ್ನು ಕಂಪ್ಯೂಟರು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಸುವ ಕ್ರಮವನ್ನು 1965ರಲ್ಲಿ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದರು, ಅದೇ ಎಫ್‌ಎಫ್‌ಟಿ. ನಮ್ಮ ಫ್ಯಾನಿನ ಕಂಪನವನ್ನು ಹೀಗೆ ಬಿಡಿಸಿದಾಗ ಸೆಕೆಂಡಿಗೆ 16ರ ಹತ್ತಿರ ಒಂದೇ ಎತ್ತರದ ಗೆರೆ ಎದ್ದರೆ ಅಸಮತೋಲನದ ಗುಮಾನಿ ಬಲವಾಗುತ್ತದೆ. 32ರಲ್ಲೂ ಗೆರೆ ಎದ್ದರೆ ಮೋಟರಿನ ಶಾಫ್ಟೂ ಯಂತ್ರದ ಶಾಫ್ಟೂ ಒಂದೇ ಸಾಲಿನಲ್ಲಿ ಇಲ್ಲದಿರಬಹುದು. 16, 32, 48, 64 ಎಂದು ಸಾಲುಗಟ್ಟಿ ನಿಂತರೆ ಬೋಲ್ಟು ಸಡಿಲ. 16ರ ಮಗ್ಗಿಗೆ ಸೇರದ ಗೆರೆ ಕಂಡರೆ ಬೇರಿಂಗಿನ ಗುಂಡು ಸವೆದಿದೆಯೇ ನೋಡಬೇಕು. 96ರಲ್ಲಿ ಕಂಡರೆ ಅದು ಆರು ಅಲಗುಗಳು ಗಾಳಿಯನ್ನು ಕತ್ತರಿಸುವ ಸದ್ದು.

ಈ ಪಟ್ಟಿಯೂ ಕಣ್ಣು ಮುಚ್ಚಿ ನಂಬುವಂಥದ್ದಲ್ಲ. ಬಾಗಿದ ಶಾಫ್ಟೂ 16ರಲ್ಲೇ ಗೆರೆ ಎಬ್ಬಿಸುತ್ತದೆ. ಜಲವಿದ್ಯುತ್ ಯಂತ್ರದಲ್ಲಂತೂ ಸುತ್ತಿಗೊಂದು ಬಡಿತಕ್ಕೆ ಮೂವರು ಆರೋಪಿಗಳು: ತೂಕದ ಅಸಮತೋಲನ, ಜನರೇಟರಿನ ಕಾಂತದ ಎಳೆತ, ನೀರಿನ ಒತ್ತಡ. ಅವರನ್ನು ಬೇರ್ಪಡಿಸಲು ಎಂಜಿನಿಯರುಗಳು ಒಬ್ಬೊಬ್ಬರನ್ನೇ ಕರೆದು ವಿಚಾರಿಸುತ್ತಾರೆ. ಮೊದಲು ಜನರೇಟರಿಗೆ ಕಾಂತಶಕ್ತಿ ಕೊಡದೆ, ಲೋಡೂ ಇಲ್ಲದೆ ಬೇರೆ ಬೇರೆ ವೇಗದಲ್ಲಿ ತಿರುಗಿಸಿ ನೋಡುತ್ತಾರೆ. ಹೊರಕ್ಕೆಳೆಯುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ, ಅಲುಗಾಟವೂ ಅದೇ ಲಯದಲ್ಲಿ ಏರಿದರೆ ತಪ್ಪು ತೂಕದ್ದು. ಪೂರ್ತಿ ವೇಗದಲ್ಲೇ ಇಟ್ಟು ಕಾಂತಶಕ್ತಿ ಕೊಟ್ಟಾಗ ಏಕಾಏಕಿ ಹೆಚ್ಚಿದರೆ ರೋಟರಿಗೂ ಸುತ್ತಲಿನ ಸ್ಟೇಟರಿಗೂ ನಡುವಿನ ಸಂದು ಎಲ್ಲ ಕಡೆ ಸಮವಾಗಿಲ್ಲ. ಲೋಡು ಏರಿಸುತ್ತ ಹೋದಂತೆ ಹೆಚ್ಚಿದರೆ ನೀರಿನ ದಾರಿಯಲ್ಲಿ ಹುಡುಕಬೇಕು. ಕಡೆಯ ಎರಡಕ್ಕೆ ತೂಕ ಕಟ್ಟುವುದು ಮದ್ದಲ್ಲ.

ಅಸಮತೋಲನ ಯಾವಾಗಲೂ ಮೆಲ್ಲನೆ ಬೆಳೆಯುವ ಕಾಯಿಲೆಯೂ ಅಲ್ಲ. 1993ರ ಮಾರ್ಚ್ 31ರ ನಸುಕಿನಲ್ಲಿ ಉತ್ತರ ಪ್ರದೇಶದ ನರೋರಾ ಅಣುವಿದ್ಯುತ್ ಸ್ಥಾವರದ ಮೊದಲ ಘಟಕದಲ್ಲಿ, ಟರ್ಬೈನಿನ ಕಡೆಯ ಹಂತದ ಎರಡು ಅಲಗುಗಳು ಲೋಹದ ದಣಿವಿನಿಂದ ಮುರಿದವು. 3000 ಸುತ್ತಿನಲ್ಲಿದ್ದ ರೋಟರಿನ ಸಮತೋಲ ಕ್ಷಣದಲ್ಲಿ ತಪ್ಪಿತು. ಅರ್ಧ ಮೀಟರ್ ದೂರದ 100 ಗ್ರಾಂ ವ್ಯತ್ಯಾಸವೇ ಆ ವೇಗದಲ್ಲಿ ಅರ್ಧ ಟನ್ನಿನಷ್ಟು ಜಗ್ಗುತ್ತದೆ, ಇಲ್ಲಿ ಮುರಿದದ್ದೋ ಎರಡು ಅಲಗುಗಳು. ವಿಪರೀತ ಅಲುಗಾಟಕ್ಕೆ ಜನರೇಟರಿನ ಹೈಡ್ರೋಜನ್ ಮುಚ್ಚಿಗೆಗಳು ಬಿಟ್ಟುಕೊಂಡು ಅನಿಲ ಸೋರಿ, ಎಣ್ಣೆಯ ಜೊತೆ ಬೆಂಕಿ ಹೊತ್ತಿತು, ಕೇಬಲುಗಳು ಉರಿದವು. ಸಿಬ್ಬಂದಿ ರಿಯಾಕ್ಟರನ್ನು ಕೂಡಲೇ ನಿಲ್ಲಿಸಿದರು. ಆದರೆ ಸ್ಥಾವರಕ್ಕೆ ಸುಮಾರು 17 ಗಂಟೆ ಕರೆಂಟೇ ಇರಲಿಲ್ಲ. ವಿಕಿರಣ ಸೋರಿಕೆಯಾಗಲಿಲ್ಲ. ಉತ್ತರ ಕನ್ನಡದ ಕೈಗಾದಲ್ಲಿ ಇರುವುದೂ ಅದೇ ಗಾತ್ರದ, 220 ಮೆಗಾವಾಟ್‌ನ ಘಟಕಗಳೇ. ಅಲ್ಲಿನ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಡೆದು ವಿಶ್ವದಾಖಲೆ ಮಾಡಿತು. ಅಷ್ಟು ದಿನದಲ್ಲಿ ಟರ್ಬೈನು ಸುತ್ತಿದ್ದು ಸುಮಾರು 415 ಕೋಟಿ ಸುತ್ತು.

ಇಂಥ ದೊಡ್ಡ ಯಂತ್ರಗಳ ಬೇರಿಂಗುಗಳಲ್ಲಿ ಸೆನ್ಸರುಗಳು ಹಗಲಿರುಳೂ ಕಾವಲಿರುತ್ತವೆ. ಪ್ರಮಾಣ ಮಿತಿ ಮೀರಿದರೆ ಯಂತ್ರ ತಾನಾಗಿ ನಿಲ್ಲುತ್ತದೆ. ಪ್ರಮಾಣ ಹಾಗೇ ಇದ್ದು ಕೋನ ಮಾತ್ರ ದಿನದಿಂದ ದಿನಕ್ಕೆ ಸರಿಯುತ್ತಿದ್ದರೆ, ಎಚ್ಚರಿಕೆಯ ಗಂಟೆ ಬಾರಿಸದಿದ್ದರೂ ಅನುಭವಸ್ಥರು ಕಿವಿ ನಿಮಿರಿಸುತ್ತಾರೆ: ಒಳಗೆ ಏನೋ ಜಾಗ ಬದಲಿಸುತ್ತಿದೆ, ಇಲ್ಲವೇ ಶಾಫ್ಟಿನಲ್ಲಿ ಬಿರುಕು ಹಬ್ಬುತ್ತಿದೆ.

ಚಹಾ ಕಾರ್ಖಾನೆಯ ಫ್ಯಾನಿಗೆ ಅಷ್ಟು ಕಾವಲು ಬೇಡ, ಆದರೆ ಒಂದು ನೋಟ್‌ಬುಕ್ ಬೇಕು. ಇಷ್ಟು ಗ್ರಾಂ ಈ ಕೋನದಲ್ಲಿ ಕಟ್ಟಿದರೆ ಇಷ್ಟು ಮಿ.ಮೀ. ಎಂಬ ಗುಣಾಂಕವನ್ನು, ಹೊಳೆಯುವ ಟೇಪಿನಿಂದ ಅಳೆದ ಕೋನದ ಸಮೇತ ಒಮ್ಮೆ ಬರೆದಿಟ್ಟರೆ, ಮುಂದಿನ ಸಲ ಮೂರು ಮೂರು ಬಾರಿ ತೂಕ ಕಟ್ಟಿ ಬಿಚ್ಚುವ ಗೋಳಿಲ್ಲ. ಒಮ್ಮೆ ಅಳೆದು ನೇರವಾಗಿ ಉತ್ತರಕ್ಕೆ ಹೋಗಬಹುದು. ಈ ಸೌಲಭ್ಯ ನಡೆಯುವುದು ವೇಗ, ಬೇರಿಂಗು, ಅಡಿಪಾಯ ಹಿಂದಿನಂತೆಯೇ ಇದ್ದಾಗ ಮಾತ್ರ. ಹಳೆಯ ಗುಣಾಂಕದಂತೆ ತೂಕ ಕಟ್ಟಿದರೂ ಅಲುಗಾಟ ಇಳಿಯಲಿಲ್ಲ ಎಂದರೆ ಮತ್ತಷ್ಟು ತೂಕ ಹುಡುಕಬಾರದು. ಸ್ಪ್ಯಾನರ್ ಹಿಡಿದು ಮೊದಲು ಅಡಿಪಾಯದ ಬೋಲ್ಟುಗಳನ್ನು, ಆಮೇಲೆ ಬೇರಿಂಗ್ ಮನೆಯನ್ನು ನೋಡಬೇಕು.